ಫೋಟೊ ಬೇಡ, ಹುಳ ಕಳಿಸಿ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟದಲ್ಲಿ ಎಲ್ಲಿ ಅಗೆದರೂ ಒಂದೇ ಥರದ ಬೂದು ಎರೆಹುಳ ಸಿಗುತ್ತದೆ. ಫೋಟೊ ಕಳಿಸಿದ್ದೇನೆ. ಇದು ನಾಟಿ ಹುಳ ತಾನೆ?

ಉತ್ತರ: ಮಳೆ ಹಿಡಿಯಿತೆಂದರೆ ನನ್ನ ಫೋನ್ ತುಂಬ ಇದೇ ಫೋಟೊ. ಫೋಟೊ ನೋಡಿ ಎರೆಹುಳದ ಹೆಸರು ಹೇಳುವವರನ್ನು ನಂಬಬೇಡಿ ಮಾರಾಯ್ರೇ, ನಾನು ಹೇಳಿದರೂ ನಂಬಬೇಡಿ.

ಹುಳವನ್ನು ತೊಳೆದು, ಬಾಲದ ತುದಿಯನ್ನು ಎರಡು ಬೆರಳ ನಡುವೆ ಸವರಿ ನೋಡಿ. ಹಳೇ ಬ್ರಶ್ಶಿನ ಹಾಗೆ ತರಿತರಿ ಎಂದರೆ ಅದು ಬಹುತೇಕ ಪಾಂಟೋಸ್ಕೋಲೆಕ್ಸ್ ಕೊರೆತ್ರೂರಸ್. ಬಾಲದಲ್ಲಿ ಬಿರುಗೂದಲು ನೇರ ಸಾಲು ಬಿಟ್ಟು ಅಡ್ಡಾದಿಡ್ಡಿ ಕೂತಿರುತ್ತದೆ. ಮೂಲ ದಕ್ಷಿಣ ಅಮೆರಿಕ. ಜೋಡಿಯಿಲ್ಲದೆ ಒಂಟಿಯಾಗಿಯೇ ಮರಿ ಮಾಡಬಲ್ಲದು, ಹಾಗಾಗಿ ಸಸಿಯ ಬೇರಿನ ಮಣ್ಣಿನಲ್ಲಿ ಒಂದು ಬಂದರೂ ಸಾಕು. ನಿಮ್ಮ ತೋಟದ ನಡುವೆ ಕೋಕೋ ಗಿಡ ಎಷ್ಟು ನಾಟಿಯೋ ಇದೂ ಅಷ್ಟೇ ನಾಟಿ.

ಇನ್ನು ‘ಒಂದೇ ಥರ’ ಎಂದಿರಲ್ಲ, ಅದೇ ತಕರಾರು. ಹಲವು ದೇಶಗಳಿಂದ ತಂದ ಈ ಹುಳಗಳ ಡಿಎನ್‌ಎ ಹೋಲಿಸಿದ ಅಧ್ಯಯನ 2018ರಲ್ಲಿ ಬಂತು. ಒಂದೇ ಹೆಸರಿನಡಿ ನಾಲ್ಕು ಪ್ರಭೇದ ಅಡಗಿದ್ದವು! ಹಳೇ ಹೆಸರು ಯಾವುದಕ್ಕೆ ಸಲ್ಲಬೇಕು? ಅದನ್ನು ತೀರ್ಮಾನಿಸಲು, ಈ ಹುಳವನ್ನು ಮೊದಲು ವರ್ಣಿಸಿದ ಫ್ರಿಟ್ಸ್ ಮುಲ್ಲರ್ ಅವರ ಬ್ರೆಜಿಲಿನ ತೋಟಕ್ಕೇ ಹೋಗಿ ಹುಳ ಅಗೆಯಬೇಕಾಯಿತು. ಯುರೋಪಿನ ಪಠ್ಯಪುಸ್ತಕದ ಎರೆಹುಳ ಲುಂಬ್ರಿಕಸ್ ಟೆರೆಸ್ಟ್ರಿಸ್ ಕೂಡ ಎರಡು ಪ್ರಭೇದ ಎಂದು 2010ರಲ್ಲಿ ಗೊತ್ತಾಯಿತು.

ಎರೆಹುಳಕ್ಕೆ ಕಣ್ಣಿಲ್ಲ, ಕಾಲಿಲ್ಲ, ಚಿಪ್ಪಿಲ್ಲ. ಮಣ್ಣು ಕೊರೆಯುವ ಕೆಲಸಕ್ಕೆ ಆ ಮೈಯೇ ಸರಿ, ಬದಲಾಗುವ ಗರಜು ಕಡಿಮೆ. ಒಳಗಿನ ಜೀನು ಮಾತ್ರ ತನ್ನ ಪಾಡಿಗೆ ಬೇರೆಯಾಗುತ್ತ ಹೋಗುತ್ತದೆ. ಅದಕ್ಕೇ ಪ್ರಭೇದ ಗುರುತಿಸಲು ಎರೆಹುಳ ಅಧ್ಯಯನ ಮಾಡುವ ನಾವು ಹೊಟ್ಟೆ ಸೀಳಿ, ವೀರ್ಯಕೋಶ ಎಷ್ಟನೇ ಉಂಗುರದಲ್ಲಿದೆ ಎಂದು ಎಣಿಸುತ್ತೇವೆ. ಕೊರಳಪಟ್ಟಿ (ಬೆಳೆದ ಹುಳದ ಮೈಮೇಲಿನ ದಪ್ಪ ಪಟ್ಟಿ) ಮೂಡದ ಮರಿಯಲ್ಲಿ ಆ ಎಣಿಕೆಯೂ ನಡೆಯುವುದಿಲ್ಲ. ಆಗ ಸಿಒಐ ಎಂಬ ಜೀನಿನ ಸುಮಾರು 650 ಡಿಎನ್‌ಎ ಅಕ್ಷರ ಓದುವುದೇ ದಾರಿ. ಆದರೆ ಅದು ತಾಯಿಯ ಕಡೆಯಿಂದಷ್ಟೇ ಬರುವ ಜೀನು. ಅದೊಂದನ್ನೇ ಓದಿ ‘ಹೊಸ ಪ್ರಭೇದ’ ಎಂದು ಕುಣಿಯುವವರು ನಮ್ಮಲ್ಲೂ ಇದ್ದಾರೆ. ನಾನಂತೂ ತಂದೆತಾಯಿ ಇಬ್ಬರಿಂದಲೂ ಬರುವ ಕೋಶಕೇಂದ್ರದ ಜೀನೂ ಅದೇ ಮಾತು ಹೇಳುವ ತನಕ ಬಾಯಿ ಬಿಡುವುದಿಲ್ಲ.

ಕಳಿಸುವುದಾದರೆ 95% ಆಲ್ಕೋಹಾಲಿನಲ್ಲಿ ಹಾಕಿ. ಫಾರ್ಮಲಿನ್ ಹಾಕಿದರೆ ಡಿಎನ್‌ಎ ಕೆಡುತ್ತದೆ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಜೀವಂತ ಹಾಕಿ ಬಸ್ಸಿಗೆ ಕೊಡಬೇಡಿ. ಹೋದ ವರ್ಷ ಒಬ್ಬರು ಕೊಟ್ಟಿದ್ದರು, ನನ್ನ ಕೈಗೆ ಬಂದದ್ದು ಸಾರು. ಗದ್ದೆಯೋ, ತೋಟವೋ, ಸೊಪ್ಪಿನಬೆಟ್ಟವೋ, ಪೆನ್ಸಿಲ್ಲಿನಲ್ಲಿ ಬರೆದು ಚೀಟಿ ಒಳಗೇ ಇಡಿ. ಪೆನ್ನಿನ ಶಾಯಿ ಆಲ್ಕೋಹಾಲಿಗೆ ನಿಲ್ಲುವುದಿಲ್ಲ.

ಪ್ರಶ್ನೆ: ಎರಡು ತುಂಡು ಮಾಡಿದರೆ ಎರಡು ಹುಳವಾಗುತ್ತದಂತೆ?

ಉತ್ತರ: ಆಗುವುದಿಲ್ಲ. ಮಕ್ಕಳಿಗೆ ಹೇಳಿಕೊಡುವುದನ್ನೂ ನಿಲ್ಲಿಸಿ.

ಪ್ರಶ್ನೆ: ‘ಹೈಬ್ರಿಡ್ ಹುಳ’ ಕೆಜಿ ಲೆಕ್ಕದಲ್ಲಿ ತಂದಿದ್ದೇವೆ. ಸೊಪ್ಪಿನಬೆಟ್ಟಕ್ಕೆ ಬಿಡಬಹುದೇ?

ಉತ್ತರ: ಹೈಬ್ರಿಡ್ ಎಂದವರು ನಿಮಗೆ ಟೋಪಿ ಹಾಕಿದ್ದಾರೆ. ನೀವು ತಂದಿರುವುದು ಹೆಚ್ಚಾಗಿ ಗೊಬ್ಬರಕ್ಕೆ ಸಾಕುವ ಆಫ್ರಿಕನ್ ಹುಳ, ಯೂಡ್ರಿಲಸ್ ಯೂಜೀನಿಯೆ. ತೊಟ್ಟಿಯಲ್ಲೇ ಇರಲಿ. ಬೆಟ್ಟದ ಮಣ್ಣಿನಲ್ಲಿ ಇಲ್ಲಿಯದೇ ಆದ ಡ್ರಾವಿಡ ಕುಲದ ಹುಳಗಳಿವೆ, ಅವಕ್ಕೆ ನಿಮ್ಮ ನೆಂಟರು ಬೇಡ.