50 ಮೀಟರ್ ರೈಫಲ್‌ಗೆ ತೋಟಾ ನಾವೇ ತಯಾರಿಸಿಕೊಳ್ಳಬಹುದೇ?

ನೀವು ಕೇಳಿರುವುದು ಮುಖ್ಯವಾಗಿ ಎರಡು. ಹೊರದೇಶದ ಶೂಟರ್‌ಗಳಂತೆ ಮದ್ದು ತೂಗಿ ತೋಟಾ ತಯಾರಿಸಿಕೊಳ್ಳಬಹುದೇ? ಪುಣೆಯ ಬಾಲೆವಾಡಿ ಶೂಟಿಂಗ್ ರೇಂಜ್‌ನಲ್ಲಿ ಅಭ್ಯಾಸದ ದಿನ ಬರುವ ಅಂಕ ಸ್ಪರ್ಧೆಯ ದಿನ ಎಲ್ಲಿ ಹೋಗುತ್ತದೆ?

ಮೊದಲನೆಯದನ್ನು ಮರೆತುಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಅಲ್ಲದೆ ನಿಮ್ಮದು .22 ರಿಮ್‌ಫೈರ್. ಕಿಡಿ ಹುಟ್ಟಿಸುವ ಮದ್ದು ತೋಟಾದ ಲೋಹದ ಕೋಶದ ಅಂಚಿನ ಮಡಿಕೆಯಲ್ಲೇ ಇರುವುದರಿಂದ, ಒಮ್ಮೆ ಹಾರಿಸಿದ ಕೋಶ ಕಸಕ್ಕೇ ಸೇರಬೇಕು. ಅವರು ದೊಡ್ಡ ಬೋರ್ ರೈಫಲ್‌ಗೆ ಮದ್ದು ತೂಗಿ ಸಾಧಿಸುವುದನ್ನು ನಾವು ಲಾಟ್, ಎಂದರೆ ಒಂದೇ ಬಾರಿಗೆ ತಯಾರಾದ ತೋಟಾಗಳ ಕಂತು, ಆರಿಸಿ ಸಾಧಿಸುತ್ತೇವೆ.

ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆಯನ್ನು ನೋಡಿ. ಒಂದೇ ಕಂಪನಿಯ, ಒಂದೇ ಬೆಲೆಯ ಎರಡು ಲಾಟ್‌ಗಳು ಒಂದೇ ನಳಿಗೆಯಲ್ಲಿ ಬೇರೆ ಬೇರೆ ರೀತಿ ವರ್ತಿಸುತ್ತವೆ. ರೈಫಲನ್ನು ಮರಳಿನ ಚೀಲದ ಮೇಲೆ ಭದ್ರವಾಗಿ ಕೂರಿಸಿ, ಪ್ರತಿ ಲಾಟ್‌ನಿಂದ ಒಂದೇ ಗುರಿಗೆ ಹತ್ತು ಹತ್ತು ಗುಂಡುಗಳ ನಾಲ್ಕೈದು ಗ್ರೂಪ್ ಹಾರಿಸಿ. ಐದು ಗುಂಡಿನ ಒಂದು ಸುಂದರ ಗ್ರೂಪಿನ ಫೋಟೊ ತೆಗೆದು ತೋರಿಸುವವರನ್ನು ನಂಬಬೇಡಿ; ಐದು ಗುಂಡು ಅದೃಷ್ಟಕ್ಕೂ ಒಟ್ಟಿಗೆ ಬೀಳುತ್ತವೆ. ಲಾಟ್ ಬದಲಿಸಿದಾಗ ಹಿಂದಿನ ಗುಂಡಿನ ಮೇಣ ನಳಿಗೆಯಲ್ಲಿ ಉಳಿದಿರುತ್ತದೆ, ಆದ್ದರಿಂದ ಮೊದಲ ಹತ್ತಿಪ್ಪತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈಗ ಮಿಲಿಮೀಟರ್ ಲೆಕ್ಕಕ್ಕೆ ಬನ್ನಿ, ಅಸಲಿ ವಿಷಯ ಇಲ್ಲೇ ಇದೆ. ಗುರಿಯ ನಡುವಿನ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ., ಗುಂಡಿನದು 5.6. ರೇಖೆಗೆ ಅಂಚು ತಾಗಿದರೂ ಹತ್ತು ಸಿಗುವುದರಿಂದ, ಗುಂಡಿನ ಕೇಂದ್ರ ಗುರಿಯ ಕೇಂದ್ರದಿಂದ 8 ಮಿ.ಮೀ. ದೂರದವರೆಗೆ ಹೋಗಬಹುದು. ನಿಮ್ಮ ಲಾಟ್‌ನ ಹತ್ತು ಗುಂಡುಗಳು ಕೇಂದ್ರದಿಂದ ಕೇಂದ್ರಕ್ಕೆ 10 ಮಿ.ಮೀ. ಹರಡುತ್ತವೆ, ಎಂದರೆ ನಡುವಿನಿಂದ ಆಚೀಚೆ 5 ಮಿ.ಮೀ., ಎನ್ನಿ. ಆಗ ನಿಮ್ಮ ತೋಳು, ಉಸಿರು, ಬಾಲೆವಾಡಿಯ ಗಾಳಿ ಎಲ್ಲಕ್ಕೂ ಸೇರಿ ಉಳಿಯುವುದು ಸುಮಾರು 3 ಮಿ.ಮೀ. ಹರಡು 14 ಆದರೆ ಉಳಿಯುವುದು 1 ಮಿ.ಮೀ. ಮಾತ್ರ. ಸೆಕೆಂಡಿಗೆ ಒಂದು ಮೀಟರ್ ವೇಗದ ಅಡ್ಡಗಾಳಿ, ಎಂದರೆ ಧ್ವಜವನ್ನು ಸ್ವಲ್ಪ ಅಲ್ಲಾಡಿಸುವಷ್ಟು ಮಾತ್ರ, ಗುಂಡನ್ನು ಸುಮಾರು 5 ಮಿ.ಮೀ. ತಳ್ಳುತ್ತದೆ. ಮಳೆಗಾಲದ ಪಶ್ಚಿಮದ ಗಾಳಿ ಬೀಸುವ ದಿನ ಅಂಕ ಇಳಿದರೆ ತೋಟಾವನ್ನು ಶಪಿಸುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಆತ್ಮವಿಶ್ವಾಸದ ಬಗ್ಗೆ ಭಾಷಣ ಮಾಡುವವರು ಬೇಕಾದಷ್ಟಿದ್ದಾರೆ. ನಾನು ಹೇಳುವುದು ಒಂದೇ ಅಭ್ಯಾಸ. ಟ್ರಿಗರ್ ಒತ್ತಿದ ಕೂಡಲೇ, ಗುಂಡು ಬಿದ್ದ ಜಾಗ ತೋರಿಸುವ ಪರದೆ ನೋಡುವ ಮುನ್ನ, ಅದು ಎಲ್ಲಿ ಬಿದ್ದಿರಬೇಕೆಂದು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬರೆದಿಡಿ: ‘ಎರಡು ಗಂಟೆ ದಿಕ್ಕು, 9.8.’ ಆಮೇಲೆ ಪರದೆ ನೋಡಿ. ಎರಡೂ ಹೊಂದಿದರೆ ರೈಫಲ್ ನಿರಪರಾಧಿ, ತಪ್ಪು ಎಲ್ಲಿಯದೆಂದು ನಿಮಗೆ ಗೊತ್ತಾಯಿತು. ಮತ್ತೆ ಮತ್ತೆ ಹೊಂದದಿದ್ದರೆ ಮೊದಲು ಗಾಳಿ, ಆಮೇಲೆ ಹಿಡಿಯ ಸ್ಕ್ರೂ, ಕೊನೆಗೆ ಲಾಟ್. ಇದೇ ಕ್ರಮದಲ್ಲಿ ಪರೀಕ್ಷಿಸಿ. ನಮ್ಮಲ್ಲಿ ಬಹಳ ಮಂದಿ ಇದನ್ನು ತಲೆಕೆಳಗು ಮಾಡುತ್ತಾರೆ, ಅಂಗಡಿಯವರಿಗೆ ಅದರಿಂದ ಲಾಭವೇ.

ಸ್ಪರ್ಧೆಯ ಮುಂಚಿನ 15 ನಿಮಿಷದ ಸೈಟಿಂಗ್ ಸಮಯವನ್ನು, ಎಂದರೆ ಅಂಕಕ್ಕೆ ಸೇರದ ಪರೀಕ್ಷಾ ಗುಂಡುಗಳ ಸಮಯವನ್ನು, ಹತ್ತು ಎಣಿಸುವುದಕ್ಕೆ ವ್ಯಯಿಸಬೇಡಿ. ಗಾಳಿ ತಿರುಗಿದಾಗ ಬೇಕೆಂದೇ ಒಂದು ಗುಂಡು ಹಾರಿಸಿ, ಅದು ಎಷ್ಟು ಸರಿಯುತ್ತದೆ ಎಂದು ನೋಡಿಟ್ಟುಕೊಳ್ಳಿ. ಪುಣೆಯ ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದ ಕೊಲ್ಹಾಪುರದ ಶೂಟರ್ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಫೈನಲ್‌ನಲ್ಲಿ ಆರಂಭದಲ್ಲಿ ಹಿಂದಿದ್ದು, ಕೊನೆಗೆ 451.4 ಅಂಕದೊಂದಿಗೆ ಕಂಚು ಗೆದ್ದರು. ಹಿಂದಿದ್ದೇನೆ ಎಂಬ ಕಾರಣಕ್ಕೆ ನಡುವೆ ಗುರಿ ಹೊಂದಿಸುವ ಸೈಟ್ ತಿರುಗಿಸುತ್ತಾ ಕೂರುವವರಿಗೆ ಈ ಫೈನಲನ್ನು ನೋಡಿ ಎನ್ನುತ್ತೇನೆ.

ಯಾವ ಬ್ರ್ಯಾಂಡ್ ಎಂದೂ ಕೇಳಿದ್ದೀರಿ. ಎಲೀ, ಲಾಪುವಾ, ಆರ್‌ಡಬ್ಲ್ಯೂಎಸ್ ಮೂರೂ ಒಳ್ಳೆಯವೇ; ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೆ ಎಂಬುದನ್ನು ನಳಿಗೆಯೇ ಹೇಳಬೇಕು. ಕ್ಲಬ್ಬಿನಲ್ಲಿ ವಿಚಾರಿಸಿ ಎರಡು ಮೂರು ಲಾಟ್‌ಗಳ ಪೆಟ್ಟಿಗೆ ಪಡೆಯಿರಿ, ಬೆಳಗ್ಗೆ ಗಾಳಿ ಏಳುವ ಮೊದಲು ಪರೀಕ್ಷಿಸಿ, ಗೆದ್ದ ಲಾಟ್ ಇಡೀ ಋತುವಿಗೆ ಸಾಕಾಗುವಷ್ಟನ್ನು ಆಗಲೇ ಕಾದಿರಿಸಿಬಿಡಿ.