ಚಾಲಕರಿಲ್ಲದ ಬಸ್ಸಿನ ಬಗ್ಗೆ ಸಣ್ಣ ಊರಿನ ಹಿರಿಯರ ಭಯವನ್ನು ಹೋಗಲಾಡಿಸುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿರುವುದು ಜರ್ಮನಿಯ ಸಣ್ಣ ಪಟ್ಟಣ, ಬರಲಿರುವ ಸ್ವಯಂಚಾಲಿತ ಬಸ್, ಹಿರಿಯರು ಹತ್ತುತ್ತಾರೋ ಇಲ್ಲವೋ ಎಂಬ ಚಿಂತೆ. 2022ರಲ್ಲಿ ಅಲ್ಲಿನ ಬವೇರಿಯಾ ರಾಜ್ಯದ ಒಂದು ಊರಿನಲ್ಲಿ ನಾನೂ ಇದೇ ಚಿಂತೆ ಹೊತ್ತು ತಿರುಗಿದ್ದೆ. ಪ್ರಾಯೋಗಿಕ ಬಸ್ಸಿನ ಬಗ್ಗೆ ಜನಾಭಿಪ್ರಾಯ ಸಂಗ್ರಹಿಸುವುದು ನನ್ನ ಕೆಲಸವಾಗಿತ್ತು.

ನಮಗೆ ಮಾದರಿಯಾಗಿದ್ದುದು ಬಾಡ್ ಬಿರ್ನ್‌ಬಾಖ್. ಬಿಸಿನೀರಿನ ಸ್ನಾನಕ್ಕೆ ಹೆಸರಾದ ಆ ಊರಿನಲ್ಲಿ 2017ರ ಅಕ್ಟೋಬರ್‌ನಿಂದ ಆರು ಆಸನಗಳ ಪುಟ್ಟ ಬಸ್ ಪೇಟೆಗೂ ಸ್ನಾನಗೃಹಕ್ಕೂ ನಡುವೆ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಓಡಾಡಿತು. 2019ರಲ್ಲಿ ಊರಾಚೆಯ ರೈಲು ನಿಲ್ದಾಣದವರೆಗೂ ಹೋಗತೊಡಗಿತು. ಅಲ್ಲಿ ಹಿರಿಯರು ಸಲೀಸಾಗಿ ಹತ್ತುತ್ತಿದ್ದುದನ್ನು ನೋಡಿ ಬಂದಿದ್ದೆ. ನಮ್ಮಲ್ಲೂ ಹತ್ತಿದರು. ಭಯದ ಮಾತೇ ಇರಲಿಲ್ಲ.

ನನ್ನ ತಪ್ಪು ಬೇರೆಡೆ ಇತ್ತು. ಪ್ರಶ್ನಾವಳಿಯನ್ನು ನಾನು ಹಂಚಿದ್ದು ಬಸ್ಸಿನೊಳಗೆ, ಹಗಲು ಹೊತ್ತಿನಲ್ಲಿ, ಮೇಲ್ವಿಚಾರಕ ಪಕ್ಕದಲ್ಲೇ ನಿಂತಿದ್ದಾಗ. ಕಾನೂನಿನ ಪ್ರಕಾರ ಪ್ರಯೋಗದ ಹಂತದಲ್ಲಿ ಒಬ್ಬರು ಒಳಗಿರಲೇಬೇಕಿತ್ತು. ಮೇಲ್ವಿಚಾರಕನಾಗಿದ್ದ ನಮ್ಮ ಹುಡುಗ ತುಂಬಾ ಒಳ್ಳೆಯವನು: ಕೈಹಿಡಿದು ಹತ್ತಿಸುತ್ತಿದ್ದ, ಹಿರಿಯರು ನಡೆಯಲು ಆಸರೆಯಾಗಿ ತಳ್ಳಿಕೊಂಡು ಬರುವ ಪುಟ್ಟ ಗಾಡಿಯನ್ನು ಮಡಚಿ ಇಡುತ್ತಿದ್ದ, ಓಡಿ ಬರುವವರಿಗಾಗಿ ಬಸ್ ನಿಲ್ಲಿಸುತ್ತಿದ್ದ. "ಮತ್ತೆ ಪ್ರಯಾಣಿಸುವಿರಾ?" ಎಂಬ ಪ್ರಶ್ನೆಗೆ ಬಹುತೇಕ ಎಲ್ಲರೂ ಹೌದೆಂದು ಬರೆದರು. ಅವರು ಹೌದೆಂದದ್ದು ಆ ಹುಡುಗನಿಗೆ. ಯಂತ್ರಕ್ಕೆ ಎಂದುಕೊಂಡವನು ನಾನು. ಅವನು ಇಲ್ಲದಿದ್ದರೆ ಹತ್ತುವಿರಾ ಎಂದು ಕೇಳಲೇ ಇಲ್ಲ. ಬಸ್ ಹತ್ತದೆ ಮನೆಯಲ್ಲೇ ಉಳಿದವರನ್ನಂತೂ ಮಾತನಾಡಿಸಲೂ ಇಲ್ಲ. ಚಾಲಕ ಸೀಟಿನಲ್ಲಿ ಕೂತು ಚಕ್ರ ತಿರುಗಿಸುವುದಷ್ಟನ್ನೇ ಕೆಲಸವೆಂದು ಎಣಿಸಿದ್ದೆ. ಕೊಪ್ಪದ ಕಡೆ ಬೆಳೆದವನು ನಾನು, ನನ್ನಜ್ಜಿಯ ಅಕ್ಕಿ ಚೀಲವನ್ನು ಗೇಟಿನ ಬಳಿ ಇಳಿಸಿಕೊಡುತ್ತಿದ್ದ ಕಂಡಕ್ಟರನ್ನು ನೋಡಿದವನು. ಆದರೂ ಹೊಳೆಯಲಿಲ್ಲ.

ಜರ್ಮನಿಯ 2021ರ ಕಾನೂನು, ಅನುಮೋದಿತ ಮಾರ್ಗದಲ್ಲಿ, ದೂರದಿಂದ ನಿಗಾ ವಹಿಸುವ ವ್ಯಕ್ತಿಯೊಬ್ಬರಿದ್ದರೆ, ಒಳಗೆ ಯಾರೂ ಇಲ್ಲದೆ ಬಸ್ ಓಡಿಸಲು ದಾರಿ ತೆರೆದಿತ್ತು. ಮುಂದಿನ ಹಂತವಾಗಿ ಸಂಜೆಯ ಸೇವೆಗೆ ಅದನ್ನೇ ಬಳಸಬಹುದು, ಜನ ಸಿದ್ಧರಿದ್ದಾರೆ ಎಂದು ಪುರಸಭೆಗೆ ವರದಿ ಕೊಟ್ಟೆ. ಸಭೆಯಲ್ಲಿ ವೃದ್ಧೆಯೊಬ್ಬರು ಎದ್ದು ನಿಂತು, "ರಾತ್ರಿ ಬಸ್ಸಿನೊಳಗೆ ಬಿದ್ದರೆ ನನ್ನನ್ನು ಎತ್ತುವವರು ಯಾರು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ನನ್ನದೇ ಪ್ರಶ್ನಾವಳಿಗೆ ಹೌದೆಂದು ಬರೆದಿದ್ದವರು ಒಬ್ಬೊಬ್ಬರಾಗಿ ಅವರ ಪರ ಮಾತನಾಡಿದರು. ಪ್ರಸ್ತಾವ ಬಿದ್ದುಹೋಯಿತು, ನನ್ನ ಒಪ್ಪಂದವೂ ಮುಗಿಯಿತು.

ಆದ್ದರಿಂದ "ಭಯ ಹೋಗಲಾಡಿಸುವುದು ಹೇಗೆ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅದು ಹಿರಿಯರ ಅಜ್ಞಾನವೆಂದು ಮೊದಲೇ ತೀರ್ಮಾನಿಸಿಬಿಡುತ್ತದೆ. ಅವರು ಕೇಳುತ್ತಿರುವುದು ಜವಾಬ್ದಾರಿ ಯಾರದು ಎಂದು. ಪ್ರಾತ್ಯಕ್ಷಿಕೆ, ಕರಪತ್ರಗಳಿಗೆ ಹಣ ಸುರಿಯಬೇಡಿ. ಬಸ್ ಹತ್ತದವರ ಮನೆಗೆ ಹೋಗಿ. ಬಸ್ಸಿನೊಳಗೆ ಸಹಾಯದ ಗುಂಡಿ ಒತ್ತಿದರೆ ಯಾರು ಉತ್ತರಿಸುತ್ತಾರೆ, ಎಷ್ಟು ನಿಮಿಷಗಳಲ್ಲಿ ಮನುಷ್ಯರೊಬ್ಬರು ತಲುಪುತ್ತಾರೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗಿ. ನಿಗಾ ವಹಿಸುವವರನ್ನೇ ಕರೆತಂದು ಊರಿನವರಿಗೆ ಪರಿಚಯಿಸಿ. ಸಾಧ್ಯವಾದರೆ ರಾತ್ರಿಯ ಬಸ್ಸಿನಲ್ಲಿ ಒಬ್ಬ ಸಹಾಯಕರನ್ನು ಉಳಿಸಿಕೊಳ್ಳಿ. ಸಂಬಳದ ಖರ್ಚು ಉಳಿಯುವುದಿಲ್ಲವೆಂದು ಮೇಲಿನವರು ತಕರಾರು ತೆಗೆಯುತ್ತಾರೆ, ತೆಗೆಯಲಿ.

ನಮ್ಮ ಊರಿನಲ್ಲಿ ಸಂಜೆ ಆರರ ನಂತರ ಇವತ್ತಿಗೂ ಬಸ್ಸಿಲ್ಲ. ಸಭೆಯಲ್ಲಿ ಪ್ರಶ್ನೆ ಕೇಳಿದ ಆ ವೃದ್ಧೆಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕಿದ್ದುದು ಅದೇ ಬಸ್ಸು.