ಪ್ರತಿಕ್ರಿಯೆ: ಮುಯ್ಯಾಳಿಗೆ ತಡವಾಗಿ ಬರುವವರಿಗೆ ದಂಡ ಬೇಡ

ಮುಯ್ಯಾಳಿನಲ್ಲಿ, ಅಂದರೆ ಕೂಲಿಯಿಲ್ಲದೆ ನೆರೆಯವರು ಸರದಿಯಂತೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗುವ ಪದ್ಧತಿಯಲ್ಲಿ, ಅಡಿಕೆ ಸುಲಿಯಲು ತಡವಾಗಿ ಬರುವವರಿಗೆ 50 ರೂಪಾಯಿ ದಂಡ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ.

ಇಸ್ರೇಲಿನ ಹೈಫಾ ನಗರದ 10 ಶಿಶುವಿಹಾರಗಳಲ್ಲಿ ಅರ್ಥಶಾಸ್ತ್ರಜ್ಞರಾದ ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಚಿನಿ ಇದನ್ನೇ 20 ವಾರ ಪರೀಕ್ಷಿಸಿದರು. ಫಲಿತಾಂಶ 2000ರಲ್ಲಿ ಪ್ರಕಟವಾಯಿತು. ಮಗುವನ್ನು ಕರೆದೊಯ್ಯಲು 10 ನಿಮಿಷಕ್ಕಿಂತ ಹೆಚ್ಚು ತಡಮಾಡಿದರೆ 6 ಕಡೆ 10 ಶೆಕೆಲ್ (ಇಸ್ರೇಲಿನ ನಾಣ್ಯ) ದಂಡ. ತಡವಾಗಿ ಬರುವವರು ಸುಮಾರು ದುಪ್ಪಟ್ಟಾದರು! ದಂಡವನ್ನು ತೆಗೆದ ಮೇಲೂ ಆ ಸಂಖ್ಯೆ ಇಳಿಯಲಿಲ್ಲ. ಮೊದಲು ಪಾಲಕರಿಗೆ, ಕಾಯುತ್ತಿದ್ದ ಶಿಕ್ಷಕಿಯ ಮುಖ ನೋಡಲು ಸಂಕೋಚವಿತ್ತು. ದಂಡ ಬಂದೊಡನೆ ಆ ಕಾಯುವಿಕೆಗೂ ಒಂದು ದರ ನಿಗದಿಯಾದಂತಾಯಿತು.

ಸಾಗರದ ಕಡೆ ನಮ್ಮ ಕೇರಿಯಲ್ಲೂ ಇದೇ ಆಯಿತು. ಮೊದಲೆಲ್ಲ ತಡವಾಗಿ ಬಂದವರು "ಹಸು ಹಾಲು ಕೊಡಲು ಸತಾಯಿಸಿತು" ಎನ್ನುತ್ತ ತಲೆ ತಗ್ಗಿಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದರು, ಎದ್ದು ಹೋಗುವಾಗ ಒಂದು ಬುಟ್ಟಿ ಹೆಚ್ಚೇ ಸುಲಿದಿರುತ್ತಿದ್ದರು. ದಂಡ ಬಂದ ಮೇಲೆ ನೋಟನ್ನು ಡಬ್ಬಿಗೆ ಹಾಕಿ ನೆಮ್ಮದಿಯಾಗಿ ಕವಳ (ಎಲೆ-ಅಡಿಕೆ) ಹಾಕತೊಡಗಿದರು. ಆ ಹೆಚ್ಚಿನ ಬುಟ್ಟಿ ನಿಂತೇ ಹೋಯಿತು. ನನಗೆ ಅದು ತುಂಬಾ ನೋವು ಕೊಟ್ಟಿತು.

ಹೈಫಾದಲ್ಲಿ ತಿಂಗಳ ಶುಲ್ಕ ಸುಮಾರು 1400 ಶೆಕೆಲ್ ಇತ್ತು, ದಂಡ ತೀರಾ ಸಣ್ಣದು, ನಿಜ. ದೊಡ್ಡ ದಂಡ ಕೆಲಸ ಮಾಡೀತು. ಆದರೆ ನಾಳೆ ನಿಮ್ಮ ಅಂಗಳಕ್ಕೆ ಬರಬೇಕಾದ ನೆರೆಯವರ ಮೇಲೆ ಅದನ್ನು ಹೇರುತ್ತೀರಾ? ಅದಕ್ಕಿಂತ ಹಾಲು ಡೈರಿಗೆ ಕೊಟ್ಟು ಬರುವ ಹೊತ್ತನ್ನು ವಿಚಾರಿಸಿ, ಸುಲಿತವನ್ನು ಅರ್ಧ ಗಂಟೆ ಮುಂದೂಡಿ ನೋಡಿ.